ಖಾಲಿ ಬೋಗುಣಿಗಳು

ಏಪ್ರಿಲ್ ೧೪. ಬೋಗುಣಿ ಬಡಿದ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಬೆಳಿಗ್ಗೆ ನನ್ನ ಬಲೆಗೆ ನನ್ನಷ್ಟೇ ಉದ್ದದ ಸ್ಟರ್ಜನ್ ಮೀನು ಬಿತ್ತು, ಹೊಟ್ಟೆ ತುಂಬ ಮೊಟ್ಟೆ. ಇಂಥದ್ದು ಸಿಕ್ಕರೆ ಹಿಡಿದವನ ಮನೆಯಲ್ಲಿ ಇಡೀ ಕೇರಿಗೆ ಸಾರು. ಅದು ನಮ್ಮ ದಡದ ಪದ್ಧತಿ. ಆದರೆ ಈ ಮೀನು ಈಗ ಅಳಿವಿನಂಚಿನಲ್ಲಿದೆ; ಅದಕ್ಕೇ ನಾನು ಮೀನುಗಳ ಲೆಕ್ಕವಿಡುವ ಸಂಶೋಧಕರನ್ನು ಕರೆದೆ. ಅವರು ಅದಕ್ಕೆ ಗುರುತಿನ ಬಿಲ್ಲೆ ಹಾಕಿದರು, ನಾನೇ ಅದನ್ನು ಮತ್ತೆ ಡ್ಯಾನ್ಯೂಬ್ ಹೊಳೆಗೆ ಬಿಟ್ಟೆ.

ಮೀನು ಬಿಟ್ಟದ್ದು ಗೊತ್ತಿದ್ದೂ ಸಂಜೆ ಕೇರಿಯವರು ತಮಾಷೆಗೆ ಖಾಲಿ ಬೋಗುಣಿ ಹಿಡಿದು ಬಾಗಿಲಿಗೆ ಬಂದರು. ಪಕ್ಕದ ಮನೆಯ ಅನ್ಫೀಸಕ್ಕ ತನ್ನ ಬೋಗುಣಿಯನ್ನು ಸೌಟಿನಿಂದ ಬಡಿದಳು.

"ಏನಪ್ಪಾ ತೆರೆಂತಿ, ಸಾರು ಈಜ್ಕೊಂಡು ಹೋಯ್ತಾ?"

"ಅದು ಮೊಟ್ಟೆ ಇಟ್ರೆ ತಾನೇ ಅಕ್ಕಾ, ನಿನ್ನ ಮೊಮ್ಮಕ್ಕಳಿಗೂ ಸಾರು?" ಅಂದೆ. ಎಲ್ಲರೂ ನಕ್ಕು ಹೊರಟುಹೋದರು.

ಬಿಟ್ಟದ್ದು ತಪ್ಪಲ್ಲ. ಆದರೂ ಒಬ್ಬನಿಗೇ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಈ ವರ್ಷ ಮೊಟ್ಟೆ ಇಡಲು ಸಮುದ್ರದಿಂದ ಹೊಳೆ ಹತ್ತಿ ಬಂದದ್ದರಲ್ಲಿ ಸಂಶೋಧಕರಿಗೆ ಕಂಡಿರುವುದು ಇದೊಂದೇ ಅಂತೆ. ಈಗ ಅದೂ ಕತ್ತಲಲ್ಲಿ ಒಂಟಿಯಾಗಿ ಈಜುತ್ತಿರಬೇಕು. ಅದಕ್ಕಾದರೂ ಹೊಳೆಯ ಮೇಲ್ಭಾಗದಲ್ಲಿ ಒಂದು ಜೊತೆ ಸಿಗಲಿ.