ಸುಣ್ಣದಡಿಯ ಪಟ್ಟಿ

ಬೋವಿಕಾನ
ನವೆಂಬರ್ ೨೬

ಚಿಕ್ಕಪ್ಪನವರಿಗೆ ವಾರಿಜಾಳ ನಮಸ್ಕಾರ.

ನೀವು ಕಾರಿನಲ್ಲಿ ಕಾಶ್ಮೀರಕ್ಕೆ ಹೊರಟಿದ್ದೀರಂತೆ. ಅಲ್ಲಿನ ಚಳಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕೆಂದು ಅಮ್ಮನ ಮೂಲಕ ಕೇಳಿಸಿದ್ದೀರಿ. ನೇರವಾಗಿ ಕೇಳಲು ನಾಚಿಕೆಯಾಗಿರಬೇಕು.

ಪೆರ್ಲದ ಸೆಕೆಗೆ ನೀವು ಹಾಕುವ ದಪ್ಪ ಆಯಿಲ್ ಅಲ್ಲಿ ನಡೆಯುವುದಿಲ್ಲ. ಧನುರ್ಮಾಸದ ಬೆಳಿಗ್ಗೆ ನಮ್ಮಲ್ಲೇ ತೆಂಗಿನೆಣ್ಣೆ ಬಾಟಲಿಯೊಳಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಇಡುತ್ತೇವೆ. ಹಿಮದಲ್ಲಿ ಎಂಜಿನನ್ನು ಯಾವ ಬಿಸಿಲಿಗೆ ಇಡುತ್ತೀರಿ?

ಎಷ್ಟು ಚಳಿಗೆ ಯಾವ ನಂಬರಿನ ಆಯಿಲ್ ಎಂಬ ಪಟ್ಟಿಯನ್ನು, ಲಡಾಖಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ಬಂದ ಅಪ್ಪ, ಈಗ ನೀವು ನಡೆಸುತ್ತಿರುವ ಪೆರ್ಲದ ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಪೈಂಟಿನಲ್ಲಿ ಬರೆದಿದ್ದರು. ಅವರು ತೀರಿಕೊಂಡ ಹದಿನೈದನೇ ದಿನ ನೀವು ಅದಕ್ಕೆ ಸುಣ್ಣ ಹೊಡೆಸಿದಿರಿ. ಅಂದೇ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, “ಹೆಣ್ಣುಮಕ್ಕಳಿಗೆ ಎಂಜಿನಿನ ವಿಷಯ ಎಂತ ಗೊತ್ತುಂಟು? ಮನೆಗೆ ಹೋಗು” ಎಂದು ಗಿರಾಕಿಗಳ ಎದುರೇ ಹೇಳಿದಿರಿ. ನಾನು ಹೋದೆ. ಈಗ ಇಲ್ಲಿ ನನ್ನದೇ ಗ್ಯಾರೇಜು ಉಂಟು.

ಸುಣ್ಣದಡಿ ಪೈಂಟು ಹಾಗೆಯೇ ಇದ್ದೀತು. ಕೆರೆದು ನೋಡಿ. ಕೆಲಸದವರಿಗೆ ಹೇಳಬೇಡಿ, ನೀವೇ ಕೆರೆಯಿರಿ. ನಂಬರುಗಳು ಅರ್ಧಂಬರ್ಧ ಕಂಡರೆ ಅಲ್ಲಿಗೇ ನಿಲ್ಲಿಸದೆ ಕೊನೆಯ ಸಾಲಿನವರೆಗೂ ಕೆರೆಯಿರಿ. ಆ ಸಾಲನ್ನು ಅಪ್ಪ ಆಸ್ಪತ್ರೆಗೆ ಹೊರಡುವ ಮುನ್ನ ಸೇರಿಸಿದ್ದು: “ಸಂಶಯವಿದ್ದರೆ ವಾರಿಜಾಳನ್ನು ಕೇಳಿ.”

ಕೇಳಲು ಬನ್ನಿ. ಗಿರಾಕಿಗಳು ತುಂಬಿರುವ ಹೊತ್ತಿಗೇ ಬನ್ನಿ.

ನಿಮ್ಮ ಅಣ್ಣನ ಮಗಳು,
ವಾರಿಜಾ