ಜೀಪಿನಲ್ಲಿ ಕೂತ ಹುಡುಗಿ

ಬಾದಾಮಿ
ಜೂನ್ 28, ಮಣ್ಣೆತ್ತಿನ ಅಮಾವಾಸ್ಯೆಯಾಗಿ ಮೂರನೆಯ ದಿನ

ಪ್ರೀತಿಯ ಯುವರಾಜ,

ಹೆಸರು ಹಿಡಿದು ಬರೆದೆನೆಂದು ಹುಬ್ಬು ಗಂಟಿಕ್ಕಬೇಡ. ಮದುವೆಗೆ ಮೊದಲು ಬಾಗಲಕೋಟೆಯ ಹಾಸ್ಟೆಲಿನಲ್ಲಿ ಹೀಗೆಯೇ ಕರೆಯುತ್ತಿದ್ದೆ, ನೀನೂ ಓಗೊಡುತ್ತಿದ್ದೆ. ‘ರೀ’ ಅನ್ನುವುದೆಲ್ಲ ನಿನ್ನ ಅವ್ವನ ಎದುರಿಗೆ; ಈ ಪತ್ರ ಅವರ ಕೈಗೆ ಹೋಗುವುದಿಲ್ಲ. ಹೇಗಿದ್ದೀಯ? ಮೊಣಕೈ ಪೆಟ್ಟು ಪೂರ್ತಿ ಮಾಯಿತೋ, ಇಲ್ಲ ಹ್ಯಾಂಡಲ್ ಹಿಡಿದಾಗ ಇನ್ನೂ ಜುಮ್ಮೆನ್ನುತ್ತದೋ? ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಬ್ರೆಡ್ಡು ಚೀಸಿನ ಮೇಲೆ ದಿನ ತಳ್ಳಬೇಡ. ಶೇಂಗಾ ಹಿಂಡಿ ತೀರಿದ್ದರೆ ಹೇಳು, ಕುಟ್ಟಿ ಕಳಿಸುತ್ತೇನೆ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಹಿಂಡಿಯಲ್ಲಿ ಖಾರ ಹೆಚ್ಚು ಹಾಕುವವಳಲ್ಲ ನಾನು.

ಇಲ್ಲಿ ನಾವೆಲ್ಲ ಇದ್ದೇವೆ. ಮಳೆ ನಾಲ್ಕು ಹನಿ ಹಾಕಿ ಹೋಯಿತು, ಗಾಳಿ ಮಾತ್ರ ಆಷಾಢ ಹುಟ್ಟುವ ಮೊದಲೇ ಶುರುವಾಗಿದೆ. ಅತ್ತೆಯ ಮಂಡಿನೋವು ಹಾಗೆಯೇ ಇದೆ; ದವಾಖಾನೆಗೆ ಹೋಗೋಣವೆಂದರೆ ‘ನನ್ನ ಮಗ ಬಂದ ಮ್ಯಾಲ ನೋಡೂಣು’ ಎನ್ನುತ್ತಾರೆ. ಮಗಳು ಪ್ರಿಯದರ್ಶಿನಿ ನಾಲ್ಕನೆಯ ತರಗತಿಗೆ ಬಂದಿದ್ದಾಳೆ. ಅಮಾವಾಸ್ಯೆಗೆ ಎತ್ತು ಮಾಡಲು ತಂದ ಮಣ್ಣಿನಲ್ಲಿ ಒಂದು ಮುದ್ದೆ ಉಳಿಸಿಕೊಂಡು ಸೈಕಲ್ಲು ಮಾಡಿದಳು. ಗಾಲಿ ಎರಡೂ ಚಪ್ಪಟೆ. ಅದನ್ನು ಎತ್ತುಗಳ ಪಕ್ಕದಲ್ಲಿ ದೇವರ ಮುಂದೆ ಇಟ್ಟು, ‘ಇದು ಅಪ್ಪಂದು’ ಎಂದು ಅದಕ್ಕೂ ಕುಂಕುಮ ಹಚ್ಚಿದಳು. ಅವತ್ತಿನಿಂದ ಈ ಪತ್ರ ಬರೆಯಬೇಕೆಂದು ಕೂತಿದ್ದೇನೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನನಗೆ ಸಿಟ್ಟು ಬರುವಷ್ಟರಲ್ಲಿ ನಿನಗೆ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ, ಕೊನೆಯವರೆಗೂ ಓದಲೇಬೇಕು.

ನಿನ್ನ ಫೋಟೋಗಳೆಲ್ಲ ಬಂದವು. ಕಾರ್ಕಸೋನ್ ಎಂಬ ಆ ಕೋಟೆಯ ಊರು, ಅದರ ಬುಡದವರೆಗೂ ಹಬ್ಬಿದ ದ್ರಾಕ್ಷಿ ತೋಟಗಳು, ಮಧ್ಯದ ನುಣುಪು ರಸ್ತೆಯಲ್ಲಿ ಸಾಲಾಗಿ ಹೋಗುವ ನಿನ್ನ ಪ್ರವಾಸಿಗರು, ಎಲ್ಲರಿಗಿಂತ ಮುಂದೆ ಕೆಂಪು ಜರ್ಸಿಯಲ್ಲಿ ನೀನು. ರಾಮಥಾಳದ ನನ್ನ ಅಪ್ಪನಿಗೂ ತೋರಿಸಿದೆ. ಏತ ನೀರಾವರಿಯ ನೀರು ಬಂದ ಮೇಲೆ ಅವನೂ ಒಂದಿಷ್ಟು ದ್ರಾಕ್ಷಿ ಹಚ್ಚಿದ್ದಾನಲ್ಲ, ಕನ್ನಡಕ ಏರಿಸಿಕೊಂಡು ನೋಡಿ, ‘ಚಪ್ಪರಾನ ಇಲ್ಲಲ್ಲವಾ, ಬಳ್ಳಿ ಗಿಡ್ಡ ಗಿಡ್ಡ ನಿಂತಾವು, ಹಣ್ಣ ನೆಲಕ್ಕ ಹತ್ತೂದಿಲ್ಲೇನು?’ ಎಂದು ಚಿಂತೆ ಮಾಡಿದ. ನಿನ್ನ ಚಿಂತೆ ಮಾಡಲಿಲ್ಲ. ಅಲ್ಲಿಯ ಗಾಳಿಯ ಬಗ್ಗೆ ನೀನು ಒಂದು ಪುಟ ಬರೆದಿದ್ದೆ, ಬೆಟ್ಟದಿಂದ ಸಮುದ್ರದ ಕಡೆಗೆ ಬೀಸಿ ಸೈಕಲ್ಲನ್ನೇ ಪಕ್ಕಕ್ಕೆ ಎತ್ತಿ ಹಾಕುತ್ತದೆ ಎಂದು. ಆಷಾಢದ ಗಾಳಿಗೆ ಎದೆ ಕೊಟ್ಟವಳಿಗೆ ಗಾಳಿಯ ಸುದ್ದಿ ಹೇಳುತ್ತೀಯಲ್ಲ, ಅದಕ್ಕೇ ನಗು ಬಂತು.

ಒಂದೇ ಸೀಸನ್ ಎಂದು ಹೋದವನು ನೀನು. ಇಲ್ಲಿ ಪಟ್ಟದಕಲ್ಲು ನೋಡಲು ಬಂದಿದ್ದ ಸೈಕಲ್ ತಂಡದವರ ಗೇರು ರಿಪೇರಿ ಮಾಡಿಕೊಟ್ಟೆ, ಅವರಿಗೆ ನಿನ್ನ ಕೈಗುಣ ಹಿಡಿಸಿತು, ಕರೆದುಕೊಂಡು ಹೋದರು. ನಾನೇ ಚೀಲ ತುಂಬಿ ಕೊಟ್ಟೆ. ಬೇಸಿಗೆ ಮುಗಿಯಿತು, ಚಳಿಗಾಲಕ್ಕೆ ಬಳ್ಳಿ ಕತ್ತರಿಸುವ ಕೆಲಸ ಸಿಕ್ಕಿತು ಎಂದೆ; ಮತ್ತೆ ಬೇಸಿಗೆ ಬಂತು. ಅದಕ್ಕೂ ನಾನು ತಕರಾರು ಮಾಡಲಿಲ್ಲ. ದುಡಿಯುವವರು ದೂರ ಹೋಗುತ್ತಾರೆ, ಅದು ನನಗೆ ಗೊತ್ತಿದೆ.

ಆದರೆ ಯುಗಾದಿಯ ಹೊತ್ತಿಗೆ ಫರಹಾನಾ ಮನೆಗೆ ಬಂದದ್ದು ನಿನಗೆ ನೆನಪಿದೆಯಲ್ಲ. ಬಾದಾಮಿ ಸ್ಟೇಷನ್ ರಸ್ತೆಯಲ್ಲಿ ಪ್ರವಾಸಿಗರಿಗೆ ರೂಮು ನಡೆಸುವವಳು, ಹತ್ತು ಒಳ್ಳೆಯ ಸೈಕಲ್ಲು ತರಿಸಿದ್ದಾಳೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ ಹಾದು ಇಳಕಲ್ಲಿಗೆ ಹೋಗಿ ಸೀರೆ ನೇಯುವುದನ್ನು ತೋರಿಸಿ, ಬಾಗಲಕೋಟೆಗೆ ಬಂದು ಮುಗಿಸುವ ಪ್ರವಾಸ. ಮುಂದೆ ನಿಂತು ಕರೆದುಕೊಂಡು ಹೋಗಲು ನನ್ನನ್ನೇ ಕರೆದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ನಿನಗೆ ಫೋನ್ ಮಾಡಿದೆ. ನೀನು ಅಂದ ಮಾತು ಅಕ್ಷರ ತಪ್ಪದೆ ನೆನಪಿದೆ. ‘ಮದುವಿ ಆದ ಹೆಣ್ಮಗಳು ಮಂದಿ ಮುಂದ ಸೈಕಲ್ ಹೊಡಕೋತ ಹೊಂಟ್ರ ಊರಾಗ ಏನಂತಾರು? ಅವ್ವನ್ನ ಯಾರ ನೋಡಬೇಕು? ಸುಮ್ನ ಮನ್ಯಾಗ ಇರು.’ ಅಜ್ಜಿಯ ವಯಸ್ಸಿನ ಮೇಡಮ್ಮುಗಳನ್ನು ಸೈಕಲ್ಲಿನ ಮೇಲೆ ಊರೂರು ಸುತ್ತಿಸಿ, ಏರಿನಲ್ಲಿ ಅವರಿಗೆ ಚಪ್ಪಾಳೆ ತಟ್ಟುವುದು ನಿನ್ನ ಉದ್ಯೋಗ. ಹೆಂಡತಿ ಮಾತ್ರ ಸುಮ್ಮನೆ ಮನೆಯಲ್ಲಿ ಇರಬೇಕು. ಇದ್ದೆ. ಉರಿಯುತ್ತಲೇ ಇದ್ದೆ.

ಈಗ ಖರೆ ಸಂಗತಿಗೆ ಬರುತ್ತೇನೆ. ಹದಿನೈದು ದಿನದ ಹಿಂದೆ ಪ್ರಿಯಾ ಫೋನಿನಲ್ಲಿ ನಿನ್ನ ವಿಡಿಯೋ ಹುಡುಕಿ ತೆಗೆದಳು. ನಿನ್ನ ತಂಡದಲ್ಲಿ ಬಂದಿದ್ದ ಹೆಲೆನ್ ಎಂಬ ಇಂಗ್ಲೆಂಡಿನ ಅಜ್ಜಿ ಹಾಕಿದ್ದು. ಹಳೆಯ ಊರಿನ ಚೌಕ, ದೊಡ್ಡ ಮರದ ನೆರಳು, ಕಲ್ಲಿನ ಮೇಜು, ಎಲ್ಲರ ಕೈಯಲ್ಲೂ ಗ್ಲಾಸು. ನಿನ್ನ ಕೈಯಲ್ಲಿದ್ದದ್ದನ್ನು ದ್ರಾಕ್ಷಿ ರಸವೆಂದು ಅತ್ತೆಗೆ ಹೇಳಿದ್ದೇನೆ, ಒಂದರ್ಥದಲ್ಲಿ ಸುಳ್ಳೇನಲ್ಲ. ನೀನು ನಿಂತು ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದೆ. ಚೆನ್ನಾಗಿ ಹೇಳುತ್ತೀಯ. ‘ನಮ್ಮ ಊರಿನ ಕಡೆ ಒಂದು ರೇಸ್ ಇತ್ತು, ಆಷಾಢದ ಎದುರುಗಾಳಿ, ನಾನು ಬಡವರ ಹುಡುಗ, ದಾರಿಯಲ್ಲಿ ಸೀಟು ಮುರಿದು ಬಿತ್ತು, ಆದರೂ ಇಳಿಯಲಿಲ್ಲ, ಕೊನೆಯವರೆಗೂ ಪೆಡಲ್ ಮೇಲೆ ನಿಂತೇ ಹೊಡೆದೆ, ಗೆದ್ದೆ. ನಮ್ಮ ಜೀಪಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು, ನಿಲ್ಲಬೇಡ ಎಂದು ಕೂಗಿದಳು, ಆ ಹುಡುಗಿಯನ್ನೇ ಮದುವೆಯಾದೆ.’ ಇಷ್ಟು ಹೇಳಿ ಗ್ಲಾಸು ಎತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಲೆನಜ್ಜಿ ಕಣ್ಣು ಒರೆಸಿಕೊಂಡಳು.

ಯುವರಾಜ, ಆ ಜೀಪಿನಲ್ಲಿ ಕೂತಿದ್ದವನು ನೀನು.

ಮರೆತಿದ್ದರೆ ನೆನಪಿಸುತ್ತೇನೆ. ರೇಸ್ ಇಳಕಲ್ಲಿನಿಂದ ಬಾಗಲಕೋಟೆಗೆ. ಬೆಳಿಗ್ಗೆ ನನ್ನ ಸೀಟಿನ ಬೋಲ್ಟು ಬಿಗಿ ಮಾಡಿದವನು ನಮ್ಮ ಸೈಕಲ್ ಹಾಸ್ಟೆಲಿನ ಮೆಕ್ಯಾನಿಕ್ ಆಗಿದ್ದ ನೀನು. ಸಾಕು ಎಂದೆ, ‘ನಿನಗೇನ ತಿಳಿತೈತಿ’ ಎಂದು ಪಾನಾಕ್ಕೆ ಇನ್ನೊಂದು ಸುತ್ತು ಕೊಟ್ಟೆ. ಕಮತಗಿಯ ಸೇತುವೆ ದಾಟಿ ಸ್ವಲ್ಪ ದೂರ ಬಂದಾಗ ಆ ಬೋಲ್ಟೇ ಕಡಿದು ಸೀಟು ರಸ್ತೆಯ ಮೇಲೆ ಉರುಳಿತು. ಹಿಂದೆ ನಮ್ಮ ಕೋಚ್ ಪಂಢರೀನಾಥ ಸರ್ ಅವರ ಜೀಪು ಬಂತು. ಅದರಲ್ಲಿ ಬದಲಿ ಗಾಲಿಗಳಿದ್ದವು, ಬದಲಿ ಸೀಟು ಇರಲಿಲ್ಲ. ಸರ್ ಇಳಿ ಎಂದು ಕೈ ಮಾಡಿದರು. ನಾನು ಇಳಿಯುವವಳೇ ಇದ್ದೆ. ಆಗ ನೀನು ಜೀಪಿನಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ: ‘ಇಳಿಬ್ಯಾಡ ವಿದ್ಯಾ, ನಿಂತ ಹೊಡಿ!’ ಶಿರೂರು ಬಂತು, ಶಿರೂರು ಹೋಯಿತು. ತೊಡೆಗೆ ಬೆಂಕಿ ಬಿದ್ದಂತಿತ್ತು, ಬಾಯಲ್ಲಿ ರಕ್ತದ ರುಚಿ. ಗೆದ್ದ ಮೇಲೆ ಎರಡು ದಿನ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಸರ್ ಸೀಟು ಹೇಗೆ ಮುರಿಯಿತು ಎಂದು ಕೇಳಿದಾಗ ಗುಂಡಿಯಲ್ಲಿ ಇಳಿಸಿದೆ ಎಂದು ನನ್ನ ಮೇಲೆ ಹಾಕಿಕೊಂಡೆ, ಇಲ್ಲದಿದ್ದರೆ ನಿನ್ನನ್ನು ಅವತ್ತೇ ಕೆಲಸದಿಂದ ತೆಗೆಯುತ್ತಿದ್ದರು. ನೀನು ಕೂಗಿದ ಆ ಒಂದು ಮಾತಿಗೆ ನಾನು ನಿನ್ನನ್ನು ಮದುವೆಯಾದದ್ದು. ಇಳಿಯಬೇಡ ಎಂದು ಹೇಳುವ ಗಂಡಸು ನಮ್ಮ ಕಡೆ ಎಲ್ಲಿ ಸಿಗುತ್ತಾನೆ ಎಂದುಕೊಂಡಿದ್ದೆ.

ಗೆದ್ದದ್ದನ್ನು ತೆಗೆದುಕೊಂಡೆ, ಹೋಗಲಿ. ಆ ರೇಸಿನಲ್ಲಿ ನನಗೆ ಬಂದ ಕಪ್ಪಿನಲ್ಲಿ ಅತ್ತೆ ಹಿಟ್ಟು ಅಳೆಯುತ್ತಾರೆ, ಅದಕ್ಕೂ ನಾನು ಅತ್ತವಳಲ್ಲ. ಆದರೆ ನನ್ನನ್ನು ಸೈಕಲ್ಲಿನಿಂದ ಇಳಿಸಿ ಜೀಪಿನಲ್ಲಿ ಕೂರಿಸಿದೆಯಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ. ನನ್ನ ಜೀವನದಲ್ಲಿ ನನ್ನದು ಎಂದು ಇದ್ದದ್ದು ಆ ದಾರಿ ಒಂದೇ. ಅದನ್ನೇ ನೀನು ಊಟದ ಮೇಜಿನ ಮೇಲೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದೀಯ.

ವಿಡಿಯೋ ನೋಡುವಾಗ ಅತ್ತೆಯೂ ಪಕ್ಕದಲ್ಲಿದ್ದರು. ‘ಏನ ಹೇಳಾಕತ್ತಾನ ನನ್ನ ಮಗ?’ ಎಂದರು. ಪ್ರಿಯಾ ಕನ್ನಡದಲ್ಲಿ ಹೇಳಿದಳು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವತ್ತು ನಿನಗೆ ಬುತ್ತಿ ತಂದು ಬಾಗಲಕೋಟೆಯಲ್ಲಿ ರೇಸ್ ಮುಗಿಯುವ ಜಾಗದಲ್ಲೇ ನಿಂತಿದ್ದರು ಅವರು. ಎಲ್ಲವನ್ನೂ ಕಣ್ಣಾರೆ ಕಂಡವರು. ಎಂಥಾ ಗಟ್ಟಿ ಹುಡುಗಿ ಎಂದು ಮೆಚ್ಚಿಯೇ ನನ್ನನ್ನು ಕೇಳಲು ಬಂದವರು. ಫೋನಿನಿಂದ ಕಣ್ಣು ತೆಗೆದರು. ಆಮೇಲೆ, ‘ಇರ್ಲಿ ಬಿಡವಾ, ಗಂಡ ಹೇಳಿಕೊಂಡ್ರ ಏನಾತು, ಹೆಂಡ್ತಿದು ಗಂಡಂದು ಬ್ಯಾರೆ ಐತೇನು’ ಎಂದು ಎದ್ದು ಒಳಗೆ ಹೋದರು. ಗೊತ್ತಿಲ್ಲ ಎಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಪ್ರಿಯಾ ಕೇಳಿದ್ದು ಅದಕ್ಕಿಂತ ಹೆಚ್ಚು. ‘ಯವ್ವಾ, ನೀ ಜೀಪ್‌ನ್ಯಾಗ ಎಲ್ಲಿ ಕುಂತಿದ್ದಿ? ಮುಂದೋ ಹಿಂದೋ?’ ಮಗು ಕಣ್ಣರಳಿಸಿ ಕೇಳಿತು. ನಾನು ಸೈಕಲ್ ಹೊಡೆಯುತ್ತಿದ್ದೆ ಎಂಬುದೇ ಅವಳಿಗೆ ಗೊತ್ತಿಲ್ಲ. ಈ ಮನೆಯಲ್ಲಿ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ‘ಅಲ್ಲ, ಸೈಕಲ್ ಹೊಡದಾಕಿ ನಾನು’ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳ ಅಪ್ಪ ಸುಳ್ಳನಾಗುತ್ತಾನೆ, ಹೇಳದಿದ್ದರೆ ಅವಳ ಅವ್ವ ಜೀಪಿನಲ್ಲೇ ಉಳಿಯುತ್ತಾಳೆ. ‘ಹಿಂದ’ ಎಂದು ಹೇಳಿ ಒಲೆಯ ಕಡೆ ಹೋದೆ. ಮಣ್ಣಿನ ಸೈಕಲ್ಲಿಗೆ ಕುಂಕುಮ ಯಾಕೆ ಬಿತ್ತು ಎಂದು ಈಗ ನಿನಗೆ ತಿಳಿದಿರಬೇಕು.

ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಫರಹಾನಾಳ ಮನೆಗೆ ಹೋಗಿ ಒಂದು ಸೈಕಲ್ಲು ಕೇಳಿ ಪಟ್ಟದಕಲ್ಲಿನ ದಾರಿ ಹಿಡಿದೆ. ಕಾಲು ಮೊದಲು ಒಪ್ಪಲಿಲ್ಲ, ಉಸಿರು ಎದೆಯಲ್ಲಿ ಸಿಕ್ಕಿಕೊಂಡಿತು. ಮರಳುವಾಗ ಗಾಳಿ ಎದುರಾಯಿತು. ತಲೆ ತಗ್ಗಿಸಿ ಗೇರು ಇಳಿಸಿದೆ. ಮೈಗೆ ಎಲ್ಲ ನೆನಪಿತ್ತು. ಹೊಲಕ್ಕೆ ಹೊರಟಿದ್ದ ಹೆಂಗಸರು ನಿಂತು ನೋಡಿದರು. ಊರಲ್ಲಿ ಏನಂತಾರು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು. ಅವರಲ್ಲಿ ಒಬ್ಬಳು, ‘ನಿಧಾನ ಹೋಗವಾ, ಗಾಳಿ ಭಾಳ ಐತಿ’ ಎಂದಳು. ಅಷ್ಟೇ ಅಂದದ್ದು.

ನಿನ್ನಿಂದ ನನಗೆ ಕ್ಷಮೆ ಗಿಮೆ ಬೇಡ. ಪ್ರಿಯಾಗೆ ನೀನೇ ಫೋನ್ ಮಾಡಿ, ನಿನ್ನ ಬಾಯಿಂದಲೇ, ಜೀಪಿನಲ್ಲಿ ಯಾರಿದ್ದರು ಎಂದು ಹೇಳು. ದಸರೆಯ ತನಕ ಕಾಯುತ್ತೇನೆ. ಅಲ್ಲಿಯವರೆಗೆ ಅವಳಿಗೆ ನೀನು ದೊಡ್ಡವನಾಗಿಯೇ ಇರುತ್ತೀಯ, ಅದನ್ನು ನಾನು ಕೆಡಿಸುವುದಿಲ್ಲ.

ಗಾಳಿ ಇದ್ದ ದಿನ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಬೆರಳಿರಲಿ. ಮೊಣಕೈಗೆ ರಾತ್ರಿ ಬಿಸಿ ಎಣ್ಣೆ ತಿಕ್ಕಿಕೋ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಪ್ರಿಯಾ ಮುತ್ತು ಕಳಿಸಿದ್ದಾಳೆ, ಅಪ್ಪ ಆ ಗಿಡ್ಡ ಬಳ್ಳಿಯ ಒಂದು ಕಡ್ಡಿ ತರಲು ಹೇಳಿದ್ದಾನೆ. ನನ್ನ ಕಡೆಯಿಂದ ಏನು ಕಳಿಸಲಿ ಎಂದು ತಿಳಿಯುತ್ತಿಲ್ಲ, ಇದ್ದದ್ದನ್ನೆಲ್ಲ ಮೇಲೆ ಬರೆದಿದ್ದೇನೆ.

ಇಂತಿ,
ನಿನ್ನ ಹೆಂಡತಿ
ವಿದ್ಯಾ

ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು, ಪೋಸ್ಟಿನ ಹೊತ್ತಾಯಿತು. ನಿನ್ನ ಹೆಲೆನಜ್ಜಿ ರೂಮು, ಸೈಕಲ್ಲು ಬೇಕೆಂದು ಫರಹಾನಾಗೆ ಬರೆದಿದ್ದಾಳೆ. ಡಿಸೆಂಬರಿನಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಇಲ್ಲಿಗೇ ಬರುತ್ತಾಳಂತೆ. ಯುವರಾಜ ನಿಂತು ಹೊಡೆದ ರಸ್ತೆ ನೋಡಬೇಕು, ಜೀಪಿನಲ್ಲಿ ಕೂತ ಹುಡುಗಿಯನ್ನು ಭೇಟಿಯಾಗಬೇಕು ಎಂದಿದ್ದಾಳೆ. ಮುಂದೆ ನಿಂತು ಕರೆದುಕೊಂಡು ಹೋಗಲು ನಾನು ಒಪ್ಪಿಕೊಂಡಿದ್ದೇನೆ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಕಮತಗಿ ಸೇತುವೆ ದಾಟಿದ ಮೇಲೆ ಸೀಟು ಬಿಟ್ಟು ಏಳುತ್ತೇನೆ, ಬಾಗಲಕೋಟೆಯವರೆಗೆ ಕೂರುವುದಿಲ್ಲ. ಪ್ರಿಯಾ ಬಾಗಲಕೋಟೆಯಲ್ಲಿ ನಿಂತು ನೋಡುತ್ತಾಳೆ. ನಮ್ಮ ಹಿಂದೆ ಸಾಮಾನಿನ ಜೀಪು ಬರುತ್ತದೆ. ಅದರಲ್ಲಿ ಒಂದು ಜಾಗ ಖಾಲಿ ಇಡಲು ಹೇಳಿದ್ದೇನೆ. ನೀನು ಬಂದರೆ ಅಲ್ಲಿ ಕೂರು.