ತಾಡಪತ್ರಿ ಬಿಚ್ಚಿದ ಮೇಲೆ

ಶೇಡಬಾಳ
9 ಫೆಬ್ರುವರಿ 2025

ಚಿ. ಸೌ. ಪ್ರಾಜಕ್ತಾಳಿಗೆ,

ಜಯ ಜಿನೇಂದ್ರ. ದೀಪಾವಳಿಯ ಮರುದಿನ ನೀನು ಬರೆದ ಕಾಗದ ಕೈಸೇರಿ ಮೂರು ತಿಂಗಳ ಮೇಲಾಯಿತು. ಚಿಕ್ಕೋಡಿಯಲ್ಲಿ ನೀನು ಮತ್ತೆ ಮದುವೆಯಾಗಿ ಮನೆ ಹೂಡಿದ ಸುದ್ದಿ ಓದಿದೆ. ಎರಡು ಸಲ ಓದಿದೆ. ನಾಳೆ ಉತ್ತರ ಬರೆದರಾಯಿತು ಎನ್ನುತ್ತ ದಿನ ತಳ್ಳಿದೆ. ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಇವತ್ತು ಏನು ಅಡುಗೆ ಎಂದು ಕೇಳಿ ಇಟ್ಟುಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೇಲೆ ಬರೆದ 'ಸೌ' ಎಂಬ ಅಕ್ಷರವನ್ನು ಮನಸಾರೆ ಬರೆದಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಾವನವರಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಕಬ್ಬಿನ ಕಟಾವು ಮುಗಿಯುತ್ತ ಬಂತು. ನಿನ್ನ ಮೈದುನ ಲಖನನಿಗೆ ಹೆಣ್ಣು ನೋಡುತ್ತಿದ್ದೇವೆ. ಮುಖ್ಯ ಸುದ್ದಿ ಎಂದರೆ, ಮನೆಯ ಮುಂಭಾಗ ಮುಗಿಯಿತು.

ನೀನು ನೋಡಿದ್ದೇ ಅಲ್ಲವೇ, ಅದು ಹೇಗಿತ್ತು? ನಮ್ಮ ಹಿರಿಯವ ಸುಜಯ ಬಲಗಡೆಯ ಗೋಡೆ, ಕಟ್ಟೆ ಎರಡನ್ನೂ ಕೆಡವಿಸಿ, ಹೊಸ ಬಾಗಿಲ ಚೌಕಟ್ಟು ನೋಡಿಬರುತ್ತೇನೆಂದು ಬೈಕು ಹತ್ತಿ ಮಿರಜಕ್ಕೆ ಹೋದ. ದಾರಿಯಲ್ಲೇ ಲಾರಿ ತಗುಲಿ ಹೋಗಿಬಿಟ್ಟ. ಅವತ್ತು ಮಳೆ ಗಾಳಿಗೆ ಮರೆಯಾಗಲೆಂದು ಕಟ್ಟಿದ ತಾಡಪತ್ರಿ ನಾಲ್ಕು ವರ್ಷ ಹಾಗೇ ಇತ್ತು. ಎರಡು ಸಲ ಹರಿಯಿತು, ಎರಡು ಸಲವೂ ಹೊಸದನ್ನೇ ತಂದು ಕಟ್ಟಿದೆವು. ಗೋಡೆ ಕಟ್ಟಿಸೋಣ ಎಂದು ನಾನೂ ಅನ್ನಲಿಲ್ಲ, ನಿನ್ನ ಮಾವನೂ ಅನ್ನಲಿಲ್ಲ.

ಕಡೆಗೆ ಬಾಯಿಬಿಟ್ಟವನು ಲಖನ. "ಅವ್ವಾ, ಹೆಣ್ಣಿನ ಕಡಿಯವ್ರ ಈ ತಾಡಪತ್ರಿ ನೋಡಿ ಹೊಳ್ಳಿ ಹೋಗ್ತಾರ. ಮನಿ ಮಾರಿನ ಹಿಂಗಿದ್ರ ಒಳಗ ಹೆಂಗಿರಬೇಕ ಅಂತಾರ" ಎಂದ. ನಗುತ್ತ ಅಂದನಾದರೂ ಕಣ್ಣು ನಗುತ್ತಿರಲಿಲ್ಲ. ಅವನಿಗೂ ಇಪ್ಪತ್ತೊಂಬತ್ತು ತುಂಬಿತು. ಸತ್ತವನಿಗಾಗಿ ಇದ್ದವನನ್ನು ನಿಲ್ಲಿಸಿಟ್ಟಿದ್ದೇವೆ ಎಂದು ಆಗ ತಿಳಿಯಿತು.

ಗಾರೆ ಕೆಲಸದ ಗೌಂಡಿ ಮೌಲಾಲಿಯನ್ನೇ ಕರೆಸಿದೆವು, ಸುಜಯ ಗೋಡೆ ಕೆಡವಿಸಿದಾಗ ಕೆಲಸ ಹಿಡಿದಿದ್ದವನನ್ನು. ಬಂದವನು ಓಣಿಯಲ್ಲೇ ನಿಂತು ಬಹಳ ಹೊತ್ತು ನೋಡಿದ. "ಮಂಗಲಕ್ಕಾ, ಖರೇ ಹೇಳ್ತೀನ್ರಿ. ಅರ್ಧಾ ಬಿಟ್ಟ ಕೆಲಸಾ ನೋಡೂದ ಆಗಲಾರ್ದಕ್ಕ ನಾಲ್ಕ ವರ್ಷ ಈ ಓಣಿಗೇ ಬಂದಿಲ್ಲ. ಸುತ್ತ ಹಾಕ್ಕೊಂಡ ಹೋಗ್ತಿದ್ದೆ" ಎಂದ. ನಾನು ಚಹಾ ಮಾಡಿ ತರುವಷ್ಟರಲ್ಲಿ ತಾಡಪತ್ರಿಯ ಹಗ್ಗ ಬಿಚ್ಚುತ್ತಿದ್ದ.

ಮುಂಭಾಗ ಹೇಗಿರಬೇಕು ಎನ್ನುವುದಕ್ಕೆ ಮನೆಯಲ್ಲಿ ಎಂಟು ದಿನ ಜಗಳ. ಲಖನನಿಗೆ ಹೊಳೆಯುವ ಟೈಲ್ಸ್, ಅಂಚಿಗೆ ಸ್ಟೀಲಿನ ಕಂಬಿಯ ಕಠಡೆ ಬೇಕು. ನಿನ್ನ ಮಾವನಿಗೆ ಮೊದಲಿನ ಹಾಗೆ ಕಲ್ಲಿನ ಕಟ್ಟೆಯೇ ಬೇಕು. ಮೌಲಾಲಿ ಲಖನನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಉಳದ ಗ್ವಾಡಿ ಮಣ್ಣಿಂದ ಐತಿ. ಮ್ಯಾಲ ಸಿಮೆಂಟ ಬಳದ ಟೈಲ್ಸ್ ಹಚ್ಚಿದ್ರ ಒಳಗಿನ ಹಸಿ ಹೊರಗ ಬರೂದಿಲ್ಲ. ಮೂರ ಮಳಿಗಾಲಕ್ಕ ಉಬ್ಬಿ ಬೀಳ್ತೈತಿ. ಸುಣ್ಣಾ ಉಸುಕ ಕಲಿಸಿ ಗಿಲಾಯಿ ಮಾಡೂಣು" ಎಂದು ಸಮಾಧಾನ ಹೇಳಿದ. ಮನೆಯ ಹಿಂದೆ ಗುಂಡಿ ತೋಡಿ ಹದಿನೈದು ದಿನ ಸುಣ್ಣ ನೆನೆಹಾಕಿದ. ಬಲಗಡೆಯ ಕಟ್ಟೆಗೆ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಲ್ಲುಗಳನ್ನೇ ಒಂದೊಂದಾಗಿ ಹೊಂದಿಸಿದ. ಎಡಗಡೆಯ ಕಟ್ಟೆಗೂ ಇದಕ್ಕೂ ಈಗ ವ್ಯತ್ಯಾಸ ಕಾಣುವುದೇ ಇಲ್ಲ. ಲಖನನ ಮನಸ್ಸಿಗಾಗಿ ಮೆಟ್ಟಿಲ ಪಕ್ಕ ಸ್ಟೀಲಿನ ಹಿಡಿಕೆ ಹಾಕಿಸಿದೆವು. ಅದನ್ನು ಎಲ್ಲರಿಗಿಂತ ಹೆಚ್ಚು ಹಿಡಿದುಕೊಳ್ಳುವವರು ನಿನ್ನ ಮಾವ.

ಇನ್ನೊಂದು ಮಾತು. ಬಾಗಿಲು ಕೂರಿಸುವ ದಿನ ನಿನ್ನ ಮಾವ ಮೌಲಾಲಿಯನ್ನು ಪಕ್ಕಕ್ಕೆ ಕರೆದು, "ಚೌಕಟ್ಟ ಒಂದ ಗೇಣ ಮ್ಯಾಲ ಏರಸು" ಎಂದರು. ಸುಜಯ ಒಳಗೆ ಬರುವಾಗೆಲ್ಲ ತಲೆ ಬಗ್ಗಿಸಬೇಕಿತ್ತು, ಮರೆತ ದಿನ ಹಣೆ ಬಡಿಸಿಕೊಳ್ಳುತ್ತಿದ್ದ. ಮೌಲಾಲಿ, "ಈಗ ಯಾರಿಗ್ರಿ?" ಎಂದು ಕೇಳಿದ. ನಿನ್ನ ಮಾವ, "ಇರಲಿ. ಬರಾವ್ರ ತಲಿ ಎತ್ತಿ ಬರ್ಲಿ" ಎಂದರು. ನಾನು ಒಳಗೆ ಹೋಗಿ ಸೊಪ್ಪು ಸೋಸುತ್ತ ಕೂತೆ.

ಈಗ ಗೋಡೆ ಬಿಳಿ, ಕೆಳಗೆ ಎರಡು ಗೇಣು ಕೆಮ್ಮಣ್ಣಿನ ಪಟ್ಟಿ. ಬೆಳಗಿನ ಬಿಸಿಲು ನೇರ ಬಂದು ಬೀಳುತ್ತದೆ. ಹೆಂಗಸರು ಮತ್ತೆ ಸಂಜೆ ಕಟ್ಟೆಯ ಮೇಲೆ ಕೂರುತ್ತಾರೆ. ಮುಂದಿನ ಭಾನುವಾರ ಕೊಕಟನೂರಿನಿಂದ ಹೆಣ್ಣಿನ ಕಡೆಯವರು ಬರುತ್ತಿದ್ದಾರೆ.

ನಿನ್ನ ಶಾಲೆಯ ಕೆಲಸ ಹೇಗಿದೆ? ಮೊದಲಿನಂತೆ ಡಬ್ಬಿ ಕಟ್ಟಿಕೊಳ್ಳದೆ ಓಡಬೇಡ. ನಿನ್ನ ಯಜಮಾನರಿಗೆ ನನ್ನ ಆಶೀರ್ವಾದ ತಿಳಿಸು. ನಿಮ್ಮಿಬ್ಬರ ಮನೆಯಲ್ಲಿ ಅನ್ನ, ನಗು ಎರಡೂ ಕಡಿಮೆಯಾಗದಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ ಅತ್ತೆ,
ಮಂಗಲ

ತಾ. ಕ.: ಮರೆತು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ಸುಜಯ ಹೋದ ಹನ್ನೆರಡನೆಯ ದಿನ, ಪಕ್ಕದ ಮನೆಯ ದುಂಡವ್ವ ಎಲ್ಲರ ಎದುರಿಗೆ, "ಸೊಸಿ ಹೊಸಾ ಬಾಗಲಾ ಬೇಕಂತ ಹಟಾ ಹಿಡದ್ಳು, ಹುಡುಗ ಹಾದಿ ಹಿಡದಾ" ಎಂದಳು. ಊರೂ ಅದನ್ನೇ ಆಡಿಕೊಂಡಿತು. ಆ ಮಾತು ಕೇಳಲಾರದೆ ನೀನು ತಿಂಗಳೊಳಗೆ ತವರಿಗೆ ಹೋದೆ. ಹಟ ಹಿಡಿದವಳು ನೀನಲ್ಲ. ಅಥಣಿಯಲ್ಲಿ ನನ್ನ ತಂಗಿಯ ಹೊಸ ಮನೆ ನೋಡಿಬಂದ ಮೇಲೆ ಆರು ತಿಂಗಳು ಅವನ ಬೆನ್ನು ಹತ್ತಿದವಳು ನಾನು. ಮಿರಜಕ್ಕೆ ಹೋದ ಆ ದಿನ ಅವನಿಗೆ ಜ್ವರವಿತ್ತು, "ಇವತ್ತ ಬ್ಯಾಡ್ರಿ" ಎಂದು ನೀನು ಅಂದೆ. ಗೌಂಡಿ ಸುಮ್ಮನೆ ಕೂತಿದ್ದಾನೆ, ಇವತ್ತೇ ಹೋಗಿ ಬಾ ಎಂದು ಅವನನ್ನು ಎಬ್ಬಿಸಿದವಳು ನಾನು.

ಮೊನ್ನೆ ದುಂಡವ್ವ ಕಟ್ಟೆಯ ಮೇಲೆ ಕೂತು ಅದೇ ಹಳೆಯ ಮಾತು ತೆಗೆದಳು. ಈ ಮನೆಗೆ ಇನ್ನೊಬ್ಬಳು ಸೊಸೆ ಬರುವವಳಿದ್ದಾಳೆ. ನನ್ನಿಂದ ತಡೆಯಲಾಗಲಿಲ್ಲ. "ದುಂಡವ್ವಾ, ಹಟಾ ನಂದು. ಅಕಿ ಬ್ಯಾಡಂದಿದ್ಳು" ಎಂದೆ. ಲಖನ ಕೇಳಿದ, ನಿನ್ನ ಮಾವನೂ ಕೇಳಿದರು. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ, "ಊರಿಗೆ ಹೇಳಿದಿ. ಅಕಿಗೆ ಬರದೀ ಏನ?" ಎಂದು ಮಾತ್ರ ಕೇಳಿದರು.

ಆ ಹನ್ನೆರಡನೆಯ ದಿನ ನೀನು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದೆ. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು. ಆಗ ನಾನು ಅಳುತ್ತಿರಲಿಲ್ಲ, ಪ್ರಾಜೂ.